ಶಾಪವೋ, ಮಾಲೀಕರ ತೀರ್ಮಾನಗಳೋ: ರೆಡ್ ಸಾಕ್ಸ್ ತಂಡದ 86 ವರ್ಷಗಳು

ಪ್ರಶ್ನೆ: ನಾವು ಮೂಲತಃ ಹಾಸನದವರು. ಹಲವು ವರ್ಷಗಳಿಂದ ಬಾಸ್ಟನ್ ಸಮೀಪದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿದ್ದೇವೆ. ಐದನೆಯ ತರಗತಿಯ ನನ್ನ ಮಗ ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಅಭಿಮಾನಿ. ಶಾಲೆಯಲ್ಲಿ ಕೊಟ್ಟಿರುವ ಪ್ರಬಂಧಕ್ಕೆ ಆ ತಂಡದ ಚರಿತ್ರೆಯನ್ನೇ ಆರಿಸಿಕೊಂಡಿದ್ದಾನೆ. ಬೇಬ್ ರೂತ್ ಎಂಬ ಆಟಗಾರನನ್ನು ಮಾರಿದ್ದರಿಂದ ತಂಡಕ್ಕೆ 86 ವರ್ಷ ಶಾಪ ತಟ್ಟಿತ್ತೆಂದು ನೆರೆಮನೆಯ ಹಿರಿಯರು ಹೇಳಿದರು. ನಾಟಕ ಆಡಿಸಲು ಹಣ ಬೇಕಾಗಿ ಮಾಲೀಕ ಮಾರಿದನೆಂದು ಮಗನ ಕೋಚ್ ಹೇಳಿದರು. ಇವೆರಡೂ ಕಟ್ಟುಕಥೆ, ಕಪ್ಪುವರ್ಣೀಯ ಆಟಗಾರರನ್ನು ದೂರ ಇಟ್ಟಿದ್ದೇ ಸೋಲಿಗೆ ಕಾರಣವೆಂದು ನನ್ನ ಸಹೋದ್ಯೋಗಿ ಹೇಳುತ್ತಾರೆ. ಮಗ ಯಾವುದನ್ನು ಬರೆಯಬೇಕು? ಹೊರಗಿನಿಂದ ಬಂದ ನಾವು ಈ ಊರಿನ ಹಳೆಯ ಗಾಯ ಕೆದಕಿದಂತಾಗುವುದೇ? ಇನ್ನೊಂದು ವಿಷಯ: ಜೂನ್‌ನಲ್ಲಿ ನಮ್ಮ ತಂದೆಯವರು ಬರುತ್ತಿದ್ದಾರೆ. ಕ್ರಿಕೆಟ್ ಬಿಟ್ಟು ಬೇರೆ ಆಟ ಕಂಡವರಲ್ಲ, ಮಂಡಿ ನೋವೂ ಇದೆ. ಅವರನ್ನು ಫೆನ್‌ವೇ ಮೈದಾನಕ್ಕೆ ಕರೆದೊಯ್ಯಬಹುದೇ?

ಉತ್ತರ: ನಿಮ್ಮ ಮಗನಿಗೆ ಮೂವರು ಹೇಳಿದ ಮೂರು ಕಥೆಗಳು ಒಂದೇ ತೂಕದವಲ್ಲ. ಶಾಪ ಎಂಬುದು ಪತ್ರಿಕೆಗಳು ಬೆಳೆಸಿದ ಮಾತು. ನಾಟಕದ ಕಥೆಯಲ್ಲಿ ಅರ್ಧ ಸತ್ಯವಿದೆ. ಮೂರನೆಯದಕ್ಕೆ ದಾಖಲೆಗಳ ಬಲ ಹೆಚ್ಚು, ಆದರೆ ಅದೊಂದರಿಂದಲೇ 86 ವರ್ಷಗಳನ್ನು ವಿವರಿಸಲು ಆಗುವುದಿಲ್ಲ. ಹಳೆಯ ಪತ್ರಿಕೆಗಳನ್ನೂ ತಂಡಗಳ ಲೆಕ್ಕಪತ್ರಗಳನ್ನೂ ಓದುವುದೇ ನನ್ನ ಕಸುಬಾದ್ದರಿಂದ, ಈ ಮೂರನ್ನೂ ಬಿಡಿಸಿ ನೋಡಿದರೆ ಏನು ಉಳಿಯುತ್ತದೆಂಬುದನ್ನು ಮೊದಲು ಹೇಳಿ, ಪ್ರಬಂಧದ ವಿಷಯಕ್ಕೂ ನಿಮ್ಮ ತಂದೆಯವರ ವಿಷಯಕ್ಕೂ ಆಮೇಲೆ ಬರುತ್ತೇನೆ.

ಈ ಕಥೆ ಇಷ್ಟು ಕಹಿಯಾದದ್ದಕ್ಕೆ ಆರಂಭದ ಸಿಹಿಯೇ ಕಾರಣ. ಅಮೆರಿಕನ್ ಲೀಗ್ 1901ರಲ್ಲಿ ಶುರುವಾದಾಗ ಅದರ ಎಂಟು ತಂಡಗಳಲ್ಲಿ ಬಾಸ್ಟನ್ನಿನದೂ ಒಂದಾಗಿತ್ತು; ಕೆಂಪು ಕಾಲುಚೀಲದ ಹೆಸರು ಬಂದದ್ದು 1908ರ ಋತುವಿನಿಂದ. 1903ರಲ್ಲಿ ನಡೆದ ಮೊಟ್ಟಮೊದಲ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಎರಡು ಲೀಗ್‌ಗಳ ವಿಜೇತ ತಂಡಗಳ ನಡುವಿನ ಅಂತಿಮ ಸರಣಿಯಲ್ಲಿ, ಈ ತಂಡ ಪಿಟ್ಸ್‌ಬರ್ಗನ್ನು 5-3ರಿಂದ ಸೋಲಿಸಿತು. ‘ರಾಯಲ್ ರೂಟರ್ಸ್’ ಎಂಬ ಅಭಿಮಾನಿಗಳ ದಂಡು ‘ಟೆಸ್ಸಿ’ ಎಂಬ ಹಾಡನ್ನು ಎದುರಾಳಿಗಳ ಕಿವಿ ತೂತಾಗುವಂತೆ ಹಾಡಿ ಅವರ ಏಕಾಗ್ರತೆ ಕೆಡಿಸಿದ್ದೂ ಆ ಸರಣಿಯಲ್ಲಿಯೇ. ಫೆನ್‌ವೇ ಪಾರ್ಕ್‌ನಲ್ಲಿ ಮೊದಲ ಲೀಗ್ ಪಂದ್ಯ ನಡೆದದ್ದು 1912ರ ಏಪ್ರಿಲ್ 20ರಂದು. ಟೈಟಾನಿಕ್ ಮುಳುಗಿ ಐದು ದಿನವಷ್ಟೇ ಆಗಿದ್ದುದರಿಂದ ಪತ್ರಿಕೆಗಳ ಮುಖಪುಟದಲ್ಲಿ ಅದಕ್ಕೆ ಜಾಗವಿರಲಿಲ್ಲ. 1912, 1915, 1916, 1918ರಲ್ಲಿ ಮತ್ತೆ ನಾಲ್ಕು ಪ್ರಶಸ್ತಿಗಳು ಬಂದವು. ಅದುವರೆಗೆ ನಡೆದಿದ್ದ ಹದಿನೈದು ವರ್ಲ್ಡ್ ಸೀರೀಸ್‌ಗಳಲ್ಲಿ ಐದನ್ನು ಗೆದ್ದಿದ್ದ ಊರಿಗೆ ಮುಂದಿನ ಗೆಲುವು 2004ರವರೆಗೆ ಬರಲಿಲ್ಲ.

ಇನ್ನು ರೂತ್ ಅವರ ವಿಷಯ. ಎಡಗೈ ಪಿಚರ್ (ಚೆಂಡೆಸೆಯುವವರು) ಆಗಿ 1914ರಲ್ಲಿ ಬಾಸ್ಟನ್‌ಗೆ ಬಂದ ಅವರು 1916ರಲ್ಲಿ 23 ಪಂದ್ಯ ಗೆದ್ದುಕೊಟ್ಟರು. ಕ್ರಮೇಣ ಬ್ಯಾಟ್ ಹಿಡಿದು ಇನ್ನೂ ದೊಡ್ಡ ಹೆಸರು ಮಾಡಿ, 1919ರಲ್ಲಿ 29 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆದು ಆ ಕಾಲದ ದಾಖಲೆ ಬರೆದರು. ಆದರೂ ಅದೇ ವರ್ಷ ತಂಡ ಪಟ್ಟಿಯ ಕೆಳಾರ್ಧದಲ್ಲಿತ್ತು ಎಂಬುದನ್ನು ಶಾಪದ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ವರ್ಷಕ್ಕೆ 10,000 ಡಾಲರಿನ ಮೂರು ವರ್ಷದ ಒಪ್ಪಂದದಲ್ಲಿ ಒಂದೇ ವರ್ಷ ಕಳೆದಿರುವಾಗ ಅವರು 20,000 ಕೇಳಿದರು. ಮಾಲೀಕರಾದ ಹ್ಯಾರಿ ಫ್ರೇಜಿ 1919ರ ಡಿಸೆಂಬರ್ ಕೊನೆಯಲ್ಲಿ ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದರು. ಸುದ್ದಿ ಹೊರಬಿದ್ದದ್ದು 1920ರ ಜನವರಿ ಮೊದಲ ವಾರದಲ್ಲಿ. ಬೆಲೆ ಒಂದು ಲಕ್ಷ ಡಾಲರ್. ಅದರ ಜೊತೆಗೆ ಫೆನ್‌ವೇ ಮೈದಾನವನ್ನೇ ಅಡಮಾನವಾಗಿಟ್ಟುಕೊಂಡು ಯಾಂಕೀಸ್ ಮಾಲೀಕರು ಮೂರು ಲಕ್ಷ ಡಾಲರ್ ಸಾಲ ಕೊಡಲು ಒಪ್ಪಿದ್ದರು. ಬದ್ಧ ಎದುರಾಳಿಯ ಕೈಗೆ ತನ್ನ ಮೈದಾನದ ಪತ್ರವನ್ನೇ ಕೊಟ್ಟ ಈ ವ್ಯವಹಾರ, ನನ್ನ ದೃಷ್ಟಿಯಲ್ಲಿ, ರೂತ್ ಮಾರಾಟಕ್ಕಿಂತಲೂ ಆಶ್ಚರ್ಯದ್ದು.

ಕೋಚ್ ಹೇಳಿದ ನಾಟಕದ ಕಥೆಯಲ್ಲಿ ಸಾಮಾನ್ಯವಾಗಿ ಬರುವ ಹೆಸರು ‘ನೋ, ನೋ, ನಾನೆಟ್’ ಎಂಬ ಸಂಗೀತ ನಾಟಕದ್ದು. ಅದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದದ್ದು 1925ರ ಸೆಪ್ಟೆಂಬರ್‌ನಲ್ಲಿ. ಅಷ್ಟರೊಳಗೆ, 1923ರಲ್ಲಿಯೇ, ಫ್ರೇಜಿ ತಂಡವನ್ನೇ ಮಾರಿ ಹೊರನಡೆದಿದ್ದರು. ಆದ್ದರಿಂದ ಆ ಒಂದು ನಾಟಕಕ್ಕಾಗಿ ರೂತ್ ಅವರನ್ನು ಮಾರಿದರೆಂಬುದು ಕಾಲದ ಲೆಕ್ಕಕ್ಕೆ ನಿಲ್ಲುವುದಿಲ್ಲ. ಆದರೆ ಫ್ರೇಜಿ ನಾಟಕ ನಿರ್ಮಾಪಕರಾಗಿದ್ದುದು ನಿಜ, ತಂಡವನ್ನು ಕೊಂಡಾಗಿನ ಹಣದಲ್ಲಿ ಒಂದು ಭಾಗ ಹಿಂದಿನ ಮಾಲೀಕ ಜೋಸೆಫ್ ಲ್ಯಾನಿನ್ ಅವರಿಗೆ ಸಂದಾಯವಾಗಬೇಕಿದ್ದುದೂ ನಿಜ. ಅದಕ್ಕಿಂತ ಮುಖ್ಯವಾಗಿ, ಲೀಗ್ ಅಧ್ಯಕ್ಷ ಬ್ಯಾನ್ ಜಾನ್ಸನ್ ಅವರೊಡನೆ ಫ್ರೇಜಿ ಬಹಿರಂಗವಾಗಿ ಕಿತ್ತಾಡಿಕೊಂಡಿದ್ದರು. ಐದು ತಂಡಗಳು ಜಾನ್ಸನ್ ಪಕ್ಷದಲ್ಲಿದ್ದುದರಿಂದ, ವ್ಯವಹಾರ ಮಾಡಲು ಫ್ರೇಜಿಗೆ ಉಳಿದದ್ದು ಯಾಂಕೀಸ್ ಮತ್ತು ಶಿಕಾಗೊ ಮಾತ್ರ. ಫ್ರೇಜಿ ಯಹೂದಿಯೆಂದು ಹೆನ್ರಿ ಫೋರ್ಡ್ ಅವರ ಪತ್ರಿಕೆ 1921ರಲ್ಲಿ ವಿಷ ಕಾರಿತ್ತು. ಅವರು ವಾಸ್ತವವಾಗಿ ಪ್ರಾಟೆಸ್ಟಂಟ್ ಕ್ರೈಸ್ತರು. ‘ಹಣದಾಸೆಗೆ ಮಾರಿದವನು’ ಎಂಬ ಚಿತ್ರ ಅಷ್ಟು ಬೇಗ ಅವರಿಗೆ ಅಂಟಿಕೊಂಡದ್ದರ ಹಿಂದೆ ಈ ದ್ವೇಷದ ಪಾಲೂ ಇದೆ; ಮಕ್ಕಳಿಗೆ ಈ ಕಥೆ ಹೇಳುವಾಗ ಹಿರಿಯರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಹಾಗೆಂದು ಫ್ರೇಜಿ ನಿರಪರಾಧಿಯೇನಲ್ಲ. ರೂತ್ ಒಬ್ಬರೇ ಹೋಗಿದ್ದರೆ ತಂಡ ಚೇತರಿಸಿಕೊಳ್ಳಬಹುದಿತ್ತು. ಮುಂದಿನ ಮೂರು ವರ್ಷಗಳಲ್ಲಿ ವೇಯ್ಟ್ ಹಾಯ್ಟ್, ವಾಲಿ ಶಾಂಗ್, ಎವೆರೆಟ್ ಸ್ಕಾಟ್, ಜೋ ಬುಶ್, ಸ್ಯಾಮ್ ಜೋನ್ಸ್, ಜೋ ಡೂಗನ್, ಹರ್ಬ್ ಪೆನಾಕ್ ಒಬ್ಬರ ಹಿಂದೊಬ್ಬರಂತೆ ನ್ಯೂಯಾರ್ಕ್ ಸೇರಿದರು. ತಂಡವನ್ನು ನಡೆಸುತ್ತಿದ್ದ ಎಡ್ ಬ್ಯಾರೋ ಅವರೂ ಅಲ್ಲಿಗೇ ಹೋಗಿ ವ್ಯವಹಾರದ ಹೊಣೆ ಹೊತ್ತರು. 1923ರಲ್ಲಿ ಯಾಂಕೀಸ್ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಾಗ ಅದರ ಮುಖ್ಯ ಪಿಚರ್‌ಗಳಲ್ಲಿ ಹೆಚ್ಚಿನವರು ಬಾಸ್ಟನ್ನಿನಿಂದ ಹೋದವರೇ. ಇತ್ತ ರೆಡ್ ಸಾಕ್ಸ್ 1922ರಿಂದ 1932ರವರೆಗಿನ ಹನ್ನೊಂದು ಋತುಗಳಲ್ಲಿ ಒಂಬತ್ತು ಬಾರಿ ಕೊನೆಯ ಸ್ಥಾನದಲ್ಲಿ ಕುಳಿತಿತು. ಬೀಜದ ಭತ್ತವನ್ನೂ ಮಾರಿದ ಮನೆಯ ಗದ್ದೆ ಬೀಳುಬಿದ್ದರೆ ಅದಕ್ಕೆ ಮಾಟಗಾರನನ್ನು ಹುಡುಕಬೇಕಾಗಿಲ್ಲ.

ಶಾಪ ಎಂಬ ಮಾತು ಆ ದಿನಗಳಲ್ಲಿ ಯಾರ ಬಾಯಲ್ಲೂ ಇರಲಿಲ್ಲವೆಂಬುದನ್ನು ನಿಮ್ಮ ಮಗ ಪ್ರಬಂಧದಲ್ಲಿ ಬರೆದರೆ ಅವನ ಶಿಕ್ಷಕರಿಗೂ ಹೊಸ ವಿಷಯವಾದೀತು. ತಂಡ 1946, 1967, 1975, 1986ರಲ್ಲಿ ವರ್ಲ್ಡ್ ಸೀರೀಸ್ ತಲುಪಿ ನಾಲ್ಕು ಬಾರಿಯೂ ಏಳನೆಯ, ಅಂದರೆ ನಿರ್ಣಾಯಕ ಪಂದ್ಯದಲ್ಲಿ ಸೋತಿತು. 1986ರ ಆರನೆಯ ಪಂದ್ಯದಲ್ಲಿ ಬಾಸ್ಟನ್ ಆಟಗಾರ ಬಿಲ್ ಬಕ್ನರ್ ಅವರ ಕಾಲುಗಳ ನಡುವೆ ಚೆಂಡು ನುಸುಳಿ ಹೋದ ಮೇಲೆ ಪತ್ರಕರ್ತರು ರೂತ್ ಹೆಸರಿನ ಶಾಪದ ಮಾತೆತ್ತಿದರು. ಬಾಸ್ಟನ್ ಗ್ಲೋಬ್ ಅಂಕಣಕಾರ ಡ್ಯಾನ್ ಶಾಗ್ನೆಸಿ 1990ರಲ್ಲಿ ಅದನ್ನೇ ಶೀರ್ಷಿಕೆಯಾಗಿಟ್ಟು ಪುಸ್ತಕ ಬರೆದ ಮೇಲೆ ಅದು ಮನೆಮಾತಾಯಿತು. ಬಕ್ನರ್ ಅವರ ಮೇಲೆ ಹೊರಿಸಿದ ತಪ್ಪೂ ಅನ್ಯಾಯದ್ದು. ಆ ಚೆಂಡು ಅವರ ಬಳಿ ಬರುವ ಮೊದಲೇ ಸಹ ಆಟಗಾರನ ದಿಕ್ಕು ತಪ್ಪಿದ ಎಸೆತದಿಂದ ಪಂದ್ಯ ಸಮವಾಗಿತ್ತು. ಏಳನೆಯ ಪಂದ್ಯ ಇನ್ನೂ ಬಾಕಿಯಿತ್ತು, ಅದರಲ್ಲಿ 3-0 ಮುಂದಿದ್ದೂ ತಂಡ 8-5ರಿಂದ ಸೋತಿತು. ನಿಮ್ಮ ಪಕ್ಕದ ಊರು ಸಡ್ಬರಿಯ ವಿಲ್ಲಿಸ್ ಕೊಳದಲ್ಲಿ ರೂತ್ ತಳ್ಳಿದರೆನ್ನಲಾದ ಪಿಯಾನೊವನ್ನು ಮೇಲೆತ್ತಿದರೆ ಶಾಪ ವಿಮೋಚನೆಯಾಗುತ್ತದೆಂದು 2002ರಲ್ಲಿ ಮುಳುಗುಗಾರರನ್ನು ಇಳಿಸಿದವರೂ ಇದ್ದಾರೆ. ಅಭಿಮಾನ ಎಲ್ಲ ದೇಶಗಳಲ್ಲೂ ಹರಕೆಯ ದಾರಿ ಹಿಡಿಯುತ್ತದೆ. ಆರ್‌ಸಿಬಿಗೆ ಹದಿನೆಂಟು ಋತು ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ನಿಮ್ಮ ಸಹೋದ್ಯೋಗಿಯ ಮಾತಿಗೆ ಬರೋಣ. 1933ರಲ್ಲಿ ಟಾಮ್ ಯಾಕಿ ಎಂಬ ಮೂವತ್ತು ವರ್ಷದ ಶ್ರೀಮಂತರು ತಂಡವನ್ನು ಕೊಂಡು, 1976ರಲ್ಲಿ ತೀರಿಕೊಳ್ಳುವವರೆಗೆ ಅದರ ಮಾಲೀಕರಾಗಿದ್ದರು. ಹಣಕ್ಕೆ ಕೊರತೆಯಿರಲಿಲ್ಲ, 1941ರಲ್ಲಿ .406 ಸರಾಸರಿಯಲ್ಲಿ, ಅಂದರೆ ಹತ್ತರಲ್ಲಿ ನಾಲ್ಕು ಬಾರಿ ಯಶಸ್ವಿಯಾಗಿ, ಬ್ಯಾಟ್ ಮಾಡಿದ ಟೆಡ್ ವಿಲಿಯಮ್ಸ್ ಅವರಂಥ ಆಟಗಾರರಿದ್ದರು. ಕೊರತೆಯಿದ್ದದ್ದು ಬೇರೆ ಕಡೆ. 1945ರ ಏಪ್ರಿಲ್ 16ರಂದು ಜ್ಯಾಕಿ ರಾಬಿನ್‌ಸನ್, ಸ್ಯಾಮ್ ಜೆಥ್ರೋ, ಮಾರ್ವಿನ್ ವಿಲಿಯಮ್ಸ್ ಎಂಬ ಮೂವರು ಕಪ್ಪುವರ್ಣೀಯ ಆಟಗಾರರನ್ನು ಫೆನ್‌ವೇಯಲ್ಲಿ ಪರೀಕ್ಷೆಗೆ ಕರೆಯಲಾಯಿತು. ಅದೂ ತಂಡದ ಇಚ್ಛೆಯಿಂದಲ್ಲ; ನಗರಸಭೆಯ ಸದಸ್ಯ ಇಸಡೋರ್ ಮಚ್ನಿಕ್ ಮತ್ತು ಪತ್ರಕರ್ತ ವೆಂಡೆಲ್ ಸ್ಮಿತ್ ಅವರ ಒತ್ತಾಯದಿಂದ. ಮೂವರನ್ನೂ ಹಾಗೆಯೇ ಕಳುಹಿಸಿಬಿಟ್ಟರು. ಎರಡು ವರ್ಷಗಳ ನಂತರ ರಾಬಿನ್‌ಸನ್ ಬ್ರೂಕ್ಲಿನ್ ತಂಡದಲ್ಲಿ ಆಡಿ, ದೊಡ್ಡ ಲೀಗ್‌ಗಳ ವರ್ಣಭೇದದ ತಡೆಯನ್ನು ಮುರಿದು ಚರಿತ್ರೆ ಬರೆದರು. ಜೆಥ್ರೋ 1950ರಲ್ಲಿ ಅದೇ ಬಾಸ್ಟನ್ ನಗರದ ಇನ್ನೊಂದು ತಂಡವಾದ ಬ್ರೇವ್ಸ್ ಪರವಾಗಿ ಆಡಿ ವರ್ಷದ ಅತ್ಯುತ್ತಮ ಹೊಸ ಆಟಗಾರನೆನಿಸಿದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ರೆಡ್ ಸಾಕ್ಸ್‌ಗೆ ಆಟಗಾರರನ್ನು ತಯಾರುಮಾಡುವ ಅಂಗತಂಡ ಆಡುತ್ತಿದ್ದ ಮೈದಾನದಲ್ಲಿಯೇ ಹದಿಹರೆಯದ ವಿಲ್ಲಿ ಮೇಸ್ ಆಡುತ್ತಿದ್ದರು. ಅವರನ್ನೂ ಕೈಬಿಟ್ಟದ್ದರಿಂದ, ಮುಂದೆ 660 ಹೋಮ್ ರನ್ ಹೊಡೆಯಲಿದ್ದ ಆ ಆಟಗಾರ 1950ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಸೇರಿದರು. ರೆಡ್ ಸಾಕ್ಸ್‌ನಲ್ಲಿ ಮೊದಲ ಕಪ್ಪುವರ್ಣೀಯ ಆಟಗಾರ ಪಂಪ್ಸಿ ಗ್ರೀನ್ ಕಣಕ್ಕಿಳಿದದ್ದು 1959ರ ಜುಲೈ 21ರಂದು, ಅಂದಿನ ಹದಿನಾರು ತಂಡಗಳ ಪೈಕಿ ಕಟ್ಟಕಡೆಗೆ. ಬಾಸ್ಟನ್ನಿನ ಐಸ್ ಹಾಕಿ ತಂಡ ಕೂಡ ಅದಕ್ಕಿಂತ ಒಂದು ವರ್ಷ ಮೊದಲೇ ಕಪ್ಪುವರ್ಣೀಯ ಆಟಗಾರನನ್ನು ಆಡಿಸಿತ್ತು. ಅಂದರೆ ಊರಿನ ಜನ ಒಪ್ಪುತ್ತಿರಲಿಲ್ಲ ಎಂಬ ಸಬೂಬಿಗೆ ಹೆಚ್ಚಿನ ಬಲವಿಲ್ಲ.

ಆದರೂ ಸಹೋದ್ಯೋಗಿಯ ಮಾತಿಗೆ ಒಂದು ತಿದ್ದುಪಡಿ ಬೇಕು. ಜನಾಂಗಭೇದ ಇಪ್ಪತ್ತನೆಯ ಶತಮಾನದ ನಡುಭಾಗದ ಸೋಲುಗಳನ್ನು ವಿವರಿಸುತ್ತದೆ. 1978ರಲ್ಲಿ ಯಾಂಕೀಸ್ ಎದುರಿನ ಒಂಟಿ ನಿರ್ಣಾಯಕ ಪಂದ್ಯದ ಸೋಲನ್ನಾಗಲಿ, 1986ನ್ನಾಗಲಿ ವಿವರಿಸುವುದಿಲ್ಲ. ಫೆನ್‌ವೇ ಮೈದಾನದ ಎಡಭಾಗದಲ್ಲಿ ಕೇವಲ 310 ಅಡಿ ದೂರದಲ್ಲಿರುವ ಎತ್ತರದ ಗೋಡೆಯನ್ನು ನಂಬಿ ಬಲಗೈ ಹೊಡೆತಗಾರರನ್ನೇ ಕೂಡಿಹಾಕಿ, ಪಿಚಿಂಗನ್ನು ಕಡೆಗಣಿಸಿದ್ದು ಈ ತಂಡದ ಹಳೆಯ ಚಾಳಿ. ಜಾರ್ಜ್ ಸ್ಕಾಟ್, ರೆಜಿ ಸ್ಮಿತ್ ಅವರಂಥ ಕಪ್ಪುವರ್ಣೀಯ ಆಟಗಾರರಿದ್ದ 1967ರ ತಂಡ, ಹಿಂದಿನ ವರ್ಷದ ಒಂಬತ್ತನೆಯ ಸ್ಥಾನದಿಂದ ಲೀಗ್ ಪ್ರಶಸ್ತಿಗೆ ಜಿಗಿದಾಗ ಪ್ರೇಕ್ಷಕರ ಸಂಖ್ಯೆ ಒಂದೇ ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚಾಯಿತು. ಆಮೇಲಿನ ಕೆಲವು ಸೋಲುಗಳಿಗೆ ಆಟದ ಸಹಜ ಏರಿಳಿತವಲ್ಲದೆ ಬೇರೆ ಕಾರಣ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

2004ರಲ್ಲಿ ಸರಪಳಿ ಕಡಿದದ್ದೂ ತೀರ್ಮಾನಗಳಿಂದಲೇ. 2002ರಲ್ಲಿ ಬಂದ ಹೊಸ ಮಾಲೀಕರು 28 ವರ್ಷದ ಥಿಯೋ ಎಪ್‌ಸ್ಟೈನ್ ಅವರ ಕೈಗೆ ತಂಡ ಕಟ್ಟುವ ಕೆಲಸ ಕೊಟ್ಟರು. 2004ರ ಅಮೆರಿಕನ್ ಲೀಗ್ ಅಂತಿಮ ಸರಣಿಯಲ್ಲಿ ಯಾಂಕೀಸ್ ವಿರುದ್ಧ ಮೂರು ಪಂದ್ಯ ಸೋತು, ನಾಲ್ಕನೆಯದರ ಕೊನೆಯದಾದ ಒಂಬತ್ತನೆಯ ಇನ್ನಿಂಗ್ಸ್‌ನಲ್ಲೂ ತಂಡ ಹಿಂದಿದ್ದಾಗ ಡೇವ್ ರಾಬರ್ಟ್ಸ್ ಎರಡನೆಯ ಬೇಸ್ ಕದ್ದರು, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಮುಂದಿನ ನಿಲುಗಡೆ ತಲುಪಿದರು. ಹನ್ನೆರಡನೆಯ ಇನ್ನಿಂಗ್ಸ್‌ನಲ್ಲಿ ಡೇವಿಡ್ ಓರ್ಟಿಜ್ ಹೋಮ್ ರನ್ ಹೊಡೆದರು. ಅಲ್ಲಿಂದ ಸತತ ನಾಲ್ಕು ಪಂದ್ಯ ಗೆದ್ದು, 0-3ರಿಂದ ಮೇಲೆದ್ದು ಸರಣಿ ಗೆದ್ದ ಮೊದಲ ಬೇಸ್‌ಬಾಲ್ ತಂಡವೆನಿಸಿತು. ಸೇಂಟ್ ಲೂಯಿಸ್ ತಂಡವನ್ನು 4-0ರಿಂದ ಮಣಿಸಿ ಪ್ರಶಸ್ತಿ ಗೆದ್ದ ಅಕ್ಟೋಬರ್ 27ರ ರಾತ್ರಿ ಪೂರ್ಣ ಚಂದ್ರಗ್ರಹಣವಿತ್ತು. ಗೆಲುವು ಕಾಣದೆ ತೀರಿಕೊಂಡ ತಂದೆ, ತಾತಂದಿರ ಸಮಾಧಿಗಳ ಮೇಲೆ ಜನ ತಂಡದ ಟೋಪಿ, ಪತಾಕೆಗಳನ್ನು ಇಟ್ಟುಬಂದರು. ಆಮೇಲೆ 2007, 2013, 2018ರಲ್ಲೂ ತಂಡ ಗೆದ್ದಿದೆ.

ಹಾಗಾದರೆ ಪ್ರಬಂಧದಲ್ಲಿ ಏನು ಬರೆಯಬೇಕು? ಶಾಪದ ಕಥೆಯನ್ನಷ್ಟೇ ಬರೆದರೆ ಅದು ರಂಜನೀಯವಾಗಿರುತ್ತದೆ, ಯಾರಿಗೂ ನೋವಾಗುವುದಿಲ್ಲ. ಆದರೆ ಮನುಷ್ಯರು ಮಾಡಿದ್ದನ್ನು ಅದೃಷ್ಟದ ತಲೆಗೆ ಕಟ್ಟಿದಂತಾಗುತ್ತದೆ. ಶಾಪವೆಂಬುದು ಸುಳ್ಳು ಎಂದು ಸಾಧಿಸುವುದಕ್ಕೇ ಪೂರ್ತಿ ಪ್ರಬಂಧವನ್ನು ಮೀಸಲಿಟ್ಟರೆ ಅದು ಒಣ ವಾದವಾಗಿ, ನೆರೆಮನೆಯ ಹಿರಿಯರ ನೆನಪನ್ನು ಹೀಯಾಳಿಸಿದಂತೆ ಕೇಳಿಸಬಹುದು. ನಾನು ಸೂಚಿಸುವುದು ಮೂರನೆಯ ದಾರಿ: ಆ ಹಿರಿಯರ ಮಾತನ್ನು ಅವರ ಹೆಸರಿಲ್ಲದೆ ಇದ್ದಂತೆ ಬರೆದುಕೊಳ್ಳಲಿ, ಅದರ ಪಕ್ಕದಲ್ಲಿ 1919, 1945, 1959ರ ಘಟನೆಗಳನ್ನು ದಿನಾಂಕ ಸಹಿತ ಇಡಲಿ, ತೀರ್ಪನ್ನು ಓದುವವರಿಗೆ ಬಿಡಲಿ. ಇದರಲ್ಲೂ ಅಪಾಯವಿಲ್ಲದಿಲ್ಲ, ಯಾಕಿ ಅವರ ಹೆಸರಿನ ಪ್ರತಿಷ್ಠಾನ ಬಾಸ್ಟನ್ನಿನ ಆಸ್ಪತ್ರೆಗಳಿಗೂ ಮಕ್ಕಳ ಸಂಸ್ಥೆಗಳಿಗೂ ಅಪಾರ ದಾನ ಮಾಡಿರುವುದರಿಂದ ಅವರನ್ನು ಗೌರವಿಸುವ ಪಾಲಕರು ತರಗತಿಯಲ್ಲಿ ಇರಬಹುದು. ಆ ದಾನವನ್ನೂ ಒಂದು ವಾಕ್ಯದಲ್ಲಿ ಹೇಳಿದರೆ ಪ್ರಬಂಧ ದುರ್ಬಲವಾಗುವುದಿಲ್ಲ.

ಗಾಯ ಕೆದಕಿದಂತಾಗುವುದೇ ಎಂಬ ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ, ಆದರೆ ಈ ವಿಷಯವನ್ನು ಊರಿನವರೇ ಬಯಲಿಗೆ ತಂದಾಗಿದೆ. ಮೈದಾನದ ಪಕ್ಕದ ‘ಯಾಕಿ ವೇ’ ರಸ್ತೆಗೆ 2018ರಲ್ಲಿ ಹಳೆಯ ಹೆಸರಾದ ಜರ್ಸಿ ಸ್ಟ್ರೀಟ್ ಮರಳಿತು. ಅದಕ್ಕೆ ನಗರಕ್ಕೆ ಅರ್ಜಿ ಕೊಟ್ಟದ್ದು ಈಗಿನ ಮಾಲೀಕರ ರೆಡ್ ಸಾಕ್ಸ್ ತಂಡವೇ, ವಿರೋಧಿಸಿದ್ದು ಯಾಕಿ ಪ್ರತಿಷ್ಠಾನ. ನಿಮ್ಮ ಊರಿನಿಂದ ಹೊರಡುವ ರೈಲು ಮೈದಾನದ ಬಳಿ ನಿಲ್ಲುವ ನಿಲ್ದಾಣಕ್ಕೂ ‘ಯಾಕಿ’ ಹೆಸರು ಹೋಗಿ 2019ರಿಂದ ‘ಲ್ಯಾನ್ಸ್‌ಡೌನ್’ ಎಂದಾಗಿದೆ. ಹಾಗಿದ್ದೂ ಗೋಡೆಯ ಮೇಲಿನ ಅಂಕಫಲಕದಲ್ಲಿ ಟಾಮ್ ಯಾಕಿ ಮತ್ತು ಅವರ ಪತ್ನಿ ಜೀನ್ ಅವರ ಹೆಸರಿನ ಮೊದಲಕ್ಷರಗಳು ಮೋರ್ಸ್ ಸಂಕೇತದ ಚುಕ್ಕಿಗೆರೆಗಳಲ್ಲಿವೆ. ಮಗನಿಗೆ ಅದನ್ನು ತೋರಿಸಿ.

ತಂದೆಯವರನ್ನು ಖಂಡಿತ ಕರೆದೊಯ್ಯಿರಿ, ಆದರೆ ಆಸನ ನೋಡಿ ಆರಿಸಿ. ಚಾವಣಿಯ ಕೆಳಗಿನ ಗ್ರ್ಯಾಂಡ್‌ಸ್ಟ್ಯಾಂಡ್‌ನಲ್ಲಿ ನೆರಳಿದೆ, ಮಳೆಗೆ ರಕ್ಷಣೆಯಿದೆ. ಆದರೆ ಹಳೆಯ ಮರದ ಕುರ್ಚಿಗಳು ಇಕ್ಕಟ್ಟು, ಮಂಡಿ ಚಾಚಲು ಜಾಗ ಸಾಲದು, ಕಂಬಗಳು ಅಡ್ಡ ಬರುತ್ತವೆ. ನೋಟಕ್ಕೆ ಅಡ್ಡಿಯಿದೆಯೆಂದು ಟಿಕೆಟ್ ಮಾರುವಾಗಲೇ ನಮೂದಿಸಿರುತ್ತಾರೆ, ಅಗ್ಗವೆಂದು ಅದನ್ನು ಕೊಳ್ಳಬೇಡಿ. ಬಲಭಾಗದ ಕೊನೆಯ ಆಸನಗಳು ಬ್ಯಾಟುಗಾರನ ಕಡೆಗೆ ತಿರುಗಿಯೇ ಇಲ್ಲ. ಮೂರು ಗಂಟೆ ಕತ್ತು ಹೊರಳಿಸಿ ಕೂರಬೇಕಾಗುತ್ತದೆ. ಬ್ಲೀಚರ್ಸ್ ಎಂಬ ತೆರೆದ ಗ್ಯಾಲರಿ ಉತ್ಸಾಹಿಗಳ ಜಾಗ, ಜೂನ್ ಮಧ್ಯಾಹ್ನದ ಬಿಸಿಲಿಗೆ ಹಿರಿಯರಿಗೆ ಹಿತವಲ್ಲ. ಹಸಿರು ಗೋಡೆಯ ನೆತ್ತಿಯ ಮೇಲೆ 2003ರಲ್ಲಿ ಹಾಕಿದ ಆಸನಗಳು ದುಬಾರಿ, ಹತ್ತಬೇಕಾದ ಮೆಟ್ಟಿಲೂ ಹೆಚ್ಚು. ಕಂಬದ ಹಿಂದಲ್ಲದ ಗ್ರ್ಯಾಂಡ್‌ಸ್ಟ್ಯಾಂಡ್‌ನಲ್ಲಿ, ಸಾಲಿನ ಅಂಚಿನ ಆಸನ ಸಿಕ್ಕರೆ ಅದೇ ಸರಿ. ಮೊದಲೇ ಅಷ್ಟು ಖರ್ಚು ಬೇಡವೆನಿಸಿದರೆ ಎರಡು ದಾರಿಗಳಿವೆ: ಆಟವಿಲ್ಲದ ಹೊತ್ತಿನಲ್ಲಿ ಸುಮಾರು ಒಂದು ಗಂಟೆಯ ಮೈದಾನ ದರ್ಶನ, ಇಲ್ಲವೇ ವುಸ್ಟರ್‌ನ ಪೋಲಾರ್ ಪಾರ್ಕ್‌ನಲ್ಲಿ ರೆಡ್ ಸಾಕ್ಸ್‌ನ ಅಂಗತಂಡದ ಪಂದ್ಯ. ವುಸ್ಟರ್ ಮೈದಾನ 2021ರದ್ದಾದ್ದರಿಂದ ಆರಾಮ ಹೆಚ್ಚು, ಬೆಲೆ ಕಡಿಮೆ. ಆದರೆ ಚರಿತ್ರೆ ನೋಡಲು ಹೋಗುವವರಿಗೆ ಅದರಿಂದ ತೃಪ್ತಿಯಾಗದು.

ಆಚರಣೆಗಳ ಬಗ್ಗೆ ಅಳುಕು ಬೇಡ. ಪುರಾತನವೆಂದು ಕಾಣುವ ಅನೇಕವು ತೀರ ಹೊಸವು. 37 ಅಡಿ ಎತ್ತರದ ಗೋಡೆಯಲ್ಲಿ 1947ರವರೆಗೆ ಜಾಹೀರಾತುಗಳಿದ್ದವು, ಹಸಿರು ಬಣ್ಣ ಆಮೇಲಿನದು. ಎಂಟನೆಯ ಇನ್ನಿಂಗ್ಸ್‌ನ ಮಧ್ಯದಲ್ಲಿ ಎಲ್ಲರೂ ಎದ್ದು ನೀಲ್ ಡೈಮಂಡ್ ಅವರ ‘ಸ್ವೀಟ್ ಕ್ಯಾರೋಲೈನ್’ ಹಾಡುವುದು ಪ್ರತಿ ಪಂದ್ಯದ ರೂಢಿಯಾದದ್ದು 2002ರಲ್ಲಿ; ಬಾಸ್ಟನ್ ಮ್ಯಾರಥಾನ್ ಓಟದ ಮೇಲಿನ ಬಾಂಬ್ ದಾಳಿಯ ನಂತರ, 2013ರ ಏಪ್ರಿಲ್ 20ರಂದು, ಡೈಮಂಡ್ ಅವರೇ ಬಂದು ಹಾಡಿದ ಮೇಲೆ ಅದಕ್ಕೆ ಬೇರೆಯೇ ಭಾವ ಸೇರಿಕೊಂಡಿತು. ಬ್ಲೀಚರ್ಸ್‌ನ ಹಸಿರು ಕುರ್ಚಿಗಳ ನಡುವೆ ಒಂಟಿಯಾಗಿ ಕಾಣುವ ಕೆಂಪು ಕುರ್ಚಿ, 1946ರ ಜೂನ್ 9ರಂದು ಟೆಡ್ ವಿಲಿಯಮ್ಸ್ ಹೊಡೆದ 502 ಅಡಿಯ ಹೋಮ್ ರನ್ ಬಿದ್ದ ಜಾಗ. ನಿಜಕ್ಕೂ ಹಳೆಯದೆಂದರೆ ಕೈಯಿಂದ ಅಂಕಿ ಬದಲಿಸುವ, 1934ರಿಂದ ಉಳಿದುಬಂದಿರುವ ಅಂಕಫಲಕ. ಪಂದ್ಯದ ಆರಂಭದಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುವಾಗ ಮಗನಿಗೆ ಇದನ್ನೂ ಹೇಳಬಹುದು: ಯುದ್ಧಕಾಲದ 1918ರ ವರ್ಲ್ಡ್ ಸೀರೀಸ್‌ನಲ್ಲಿ ಶಿಕಾಗೊದಲ್ಲಿ ಆಟದ ನಡುವೆ ನುಡಿಸಿದ ಆ ಗೀತೆಯನ್ನು, ಸರಣಿ ಬಾಸ್ಟನ್‌ಗೆ ಬಂದಾಗ ಆಟಕ್ಕೆ ಮೊದಲೇ ನುಡಿಸುವಂತೆ ಮಾಡಿದವರು ಇದೇ ಹ್ಯಾರಿ ಫ್ರೇಜಿ.

ಕಾರಿಗಿಂತ ರೈಲೇ ಲೇಸು. ಮೈದಾನದ ಸುತ್ತ ಪಂದ್ಯದ ದಿನ ಪಾರ್ಕಿಂಗ್ ದರ ವಿಪರೀತ. ಆದರೆ ಬೇಸ್‌ಬಾಲ್‌ನಲ್ಲಿ ಡ್ರಾ ಇಲ್ಲ, ಸಮವಾದರೆ ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಆಡುತ್ತಾರೆ. ಸಂಜೆಯ ಪಂದ್ಯಕ್ಕೆ ಹೋಗುವುದಾದರೆ ಫ್ರೇಮಿಂಗ್‌ಹ್ಯಾಮ್‌ಗೆ ಹಿಂದಿರುಗುವ ಕೊನೆಯ ರೈಲಿನ ವೇಳೆ ಮೊದಲೇ ನೋಡಿಕೊಳ್ಳಿ. ತಂದೆಯವರಿಗೆ ಶನಿವಾರ ಅಥವಾ ಭಾನುವಾರದ ಮಧ್ಯಾಹ್ನದ ಪಂದ್ಯವೇ ಉತ್ತಮ.